“ಇನ್ನೂ ಡಬ್ ಅಂತೈತಲ್ಲೋ!”

ಮೊನ್ನೆ ರವಿವಾರ ಪುಣೆಯ ಕೋಥ್ರೂಡಿನ ಮನೆಯಲ್ಲಿ ಚಹಾ ಕುಡಿಯುತ್ತ ಕಾಕಾ ಮೊಬೈಲ್ ಮುಂದೆ ಹಿಡಿದರು. ದಕ್ಷಿಣ ಆಫ್ರಿಕಾದಲ್ಲಿರುವ ಮಗ ಕಳಿಸಿದ ವಿಡಿಯೋ. ದೊಡ್ಡ ಬೇಟೆಯ .375 ಎಚ್ ಆಂಡ್ ಎಚ್ ರೈಫಲ್, ತುದಿಗೆ ಸದ್ದು ತಗ್ಗಿಸುವ ಡಬ್ಬಿ, ಅಂದರೆ ಹೊಸ ಸಪ್ರೆಸರ್, ನೂರು ಮೀಟರ್ ದೂರದಲ್ಲಿ ರಟ್ಟಿನ ಗುರಿ. ಗುಂಡು ಹಾರಿತು. ಕಾಕಾ ತಲೆ ಕೊಡವಿದರು: “ಇಷ್ಟು ರೊಕ್ಕಾ ಸುರುವಿ ಹಚ್ಚಿಸ್ಯಾನ, ಇನ್ನೂ ಡಬ್ ಅಂತೈತಲ್ಲೋ! ಅಂವಗ ಯಾರೋ ಟೋಪಿ ಹಾಕ್ಯಾರ.”

ಟೋಪಿ ಹಾಕಿಲ್ಲ. ಸಿನಿಮಾದ ‘ಪುಸ್’ ಸದ್ದು ನಮ್ಮೆಲ್ಲರ ತಲೆ ಕೆಡಿಸಿದೆ, ಅಷ್ಟೇ. ಕಾಕಾ ಲೆಕ್ಕದ ಮನುಷ್ಯ, ಕಾಯಿಪಲ್ಲೆಯವನ ತಕ್ಕಡಿಯನ್ನೂ ನಂಬುವವರಲ್ಲ. ಅವರಿಗೆ ಲೆಕ್ಕವನ್ನೇ ಹೇಳಬೇಕು.

ಆ ರೈಫಲ್ಲಿನ 300 ಗ್ರೇನ್ ಗುಂಡು, ಅಂದರೆ 19.4 ಗ್ರಾಂ, ಸೆಕೆಂಡಿಗೆ ಸುಮಾರು 770 ಮೀಟರ್ ಓಡುತ್ತದೆ. ಶಬ್ದದ ವೇಗ 343 ಮೀಟರ್. ಗಾಳಿ ಸೀಳುವ ಆ ‘ಫಟ್’ ಸದ್ದನ್ನು ಯಾವ ಸಪ್ರೆಸರೂ ತಡೆಯಲಾರದು. ಗುಂಡನ್ನು ಶಬ್ದಕ್ಕಿಂತ ನಿಧಾನ ಮಾಡಿದರೆ ಶಕ್ತಿ ಐದನೇ ಒಂದು ಪಾಲಿಗಿಂತಲೂ ಕೆಳಗಿಳಿಯುತ್ತದೆ. ಕಾಡೆಮ್ಮೆಯ ಮುಂದೆ ಅದು ದ್ರೋಹ. ಸಪ್ರೆಸರ್ ಪಳಗಿಸುವುದು ಬ್ಯಾರಲ್ ತುದಿಯ ಸ್ಫೋಟವನ್ನು ಮಾತ್ರ. 165 ಡೆಸಿಬಲ್ ಆಸುಪಾಸಿನ ಸದ್ದು 140ರ ಹತ್ತಿರಕ್ಕೆ ಬರುತ್ತದೆ. 140 ದಾಟಿದರೆ ಒಂದೇ ಗುಂಡು ಕಿವಿ ಕೆಡಿಸಬಲ್ಲದು. ಹಾಗಾಗಿ ಇಯರ್‌ಮಫ್ ತೆಗೆಯುವ ಹಾಗಿಲ್ಲ.

ನಿಜವಾದ ಲಾಭ ಹೆಗಲಿಗೆ. ಗುಂಡಿನ ಬೆನ್ನಿಗೇ ಸುಮಾರು 5 ಗ್ರಾಂ ಮದ್ದು ಅನಿಲವಾಗಿ ಗುಂಡಿಗಿಂತಲೂ ಜೋರಾಗಿ ಚಿಮ್ಮುತ್ತದೆ. ಬಂದೂಕು ಹೆಗಲಿಗೆ ಕೊಡುವ ಒದೆತದ ಸುಮಾರು ಕಾಲು ಪಾಲು ಈ ಅನಿಲದ್ದೇ. ಸಪ್ರೆಸರ್ ಅದನ್ನು ಒಳಗೇ ತಡೆತಡೆದು ಬಿಡುತ್ತದೆ, ಜೊತೆಗೆ ತನ್ನ ಅರ್ಧ ಕಿಲೋ ಭಾರವನ್ನೂ ಸೇರಿಸುತ್ತದೆ. ಗುಂಡಿನ ವೇಗ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಆದರೆ ಬೋರ್, ಅಂದರೆ ಬ್ಯಾರಲ್ಲಿನ ತೂತು, ದೊಡ್ಡದಾದಷ್ಟೂ ಕಷ್ಟ. .458 ರೈಫಲ್ಲಿನ ಗುಂಡೇ 11.6 ಮಿ.ಮೀ. ದಪ್ಪ. ಅದು ದಾಟುವ ತೂತಿನಿಂದ ಅನಿಲವೂ ನುಸುಳುತ್ತದೆ. ಹಿಡಿದಿಡಲು ಡಬ್ಬಿ ದಪ್ಪ, ಉದ್ದ ಆಗಲೇಬೇಕು, ಪೊದೆಯಲ್ಲಿ ತೊಡಕಾಗಲೇಬೇಕು.

ಅದೇ ರೈಫಲ್ಲಿನ ಹಳೆಯ ವಿಡಿಯೋ ಕೂಡ ಕಾಕಾರ ಫೋನಿನಲ್ಲಿತ್ತು, ತುದಿಯಲ್ಲಿ ಮಜಲ್ ಬ್ರೇಕ್, ಅಂದರೆ ಪಕ್ಕದಲ್ಲಿ ತೂತುಗಳಿರುವ ತುಂಡು, ಇದ್ದಾಗಿನದು. ಬ್ರೇಕ್ ಒದೆತವನ್ನು ಚೆನ್ನಾಗಿಯೇ ಇಳಿಸುತ್ತದೆ, ಆದರೆ ಸ್ಫೋಟವನ್ನು ಪಕ್ಕಕ್ಕೆ ತಿರುಗಿಸಿ ಬಿಡುತ್ತದೆ. ಪಕ್ಕದಲ್ಲಿ ನಿಂತ, ಹೆಜ್ಜೆಗುರುತು ಹಿಡಿಯುವ ಆಳು ಎರಡೂ ಕಿವಿ ಮುಚ್ಚಿ ಮುಖ ತಿರುಗಿಸಿದ್ದ. ಹೊಸದರಲ್ಲಿ ಅವನೇ ಇಯರ್‌ಮಫ್ ಹಾಕಿ, ದುರ್ಬೀನು ಹಿಡಿದು, ಅಲುಗದೆ ಗುರಿ ನೋಡುತ್ತಿದ್ದಾನೆ. ಬಂದೂಕು ಇನ್ನೊಬ್ಬನದು, ಕೆಡುವ ಕಿವಿ ಇವನದು. ಬೇಟೆಯ ಮಾತಿನಲ್ಲಿ ಇವನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದೇ ವಾರವಿಡೀ ನನ್ನನ್ನು ಕೊರೆದದ್ದು.

ಕಾಕಾ ಮತ್ತೊಮ್ಮೆ ವಿಡಿಯೋ ಹಚ್ಚಿದರು. “ಆ ಆಳು ಕೈ ಕೆಳಗ ಮಾಡಿ ಏನ ತೋರಸಾಕತ್ತಾನ?”

“ಗುಂಡು ಗುರಿಗಿಂತ ಕೆಳಗ ಬಿದ್ದದ ಕಾಕಾ. ತುದೀಗೆ ಭಾರ ಬಿತ್ತಂದ್ರ ಬ್ಯಾರಲ್ ನಡಗೋ ರೀತಿ ಬದಲಾಗ್ತದ, ಗುರಿ ಸರೀತದ. ಸಪ್ರೆಸರ್ ಹಚ್ಚೇ ಮೂರು ಗುಂಡು ಹೊಡದು ಸ್ಕೋಪ್ ಝೀರೋ ಮಾಡಬೇಕು, ಅಂದ್ರ ಗುಂಡು ಬೀಳೋ ಜಾಗಕ್ಕ ಸ್ಕೋಪಿನ ಗುರಿ ಹೊಂದಸಬೇಕು. ಆಮ್ಯಾಲೆ ಬಿಚ್ಚಿ, ಮತ್ತ ಹಚ್ಚಿ, ಇನ್ನ ಮೂರು. ಅಲ್ಲೇ ಬಿದ್ರ ಸೈ. ಕಾದಾಗ ಥ್ರೆಡ್ ಸಡಲ್ತದ, ಕೈಗವಸು ಹಾಕ್ಕೊಂಡು ಆಗಾಗ ನೋಡಬೇಕು. ಓರೆ ಆದ್ರ ಗುಂಡು ಒಳಗ ತಾಗ್ತದ. ಸಂಜೀಗೆ ಬಿಚ್ಚಿ ಒಣಗಿಸಬೇಕು, ಇಲ್ಲಂದ್ರ ಒಳಗಿನ ತೇವಕ್ಕ ಬ್ಯಾರಲ್ ತುದಿ ತುಕ್ಕು ಹಿಡೀತದ.”

ಕಾಕಾ ಚಹಾದ ಕಪ್ಪು ಕೆಳಗಿಟ್ಟು ಮಗನಿಗೆ ಫೋನ್ ಹಚ್ಚಿದರು. “ಝೀರೋ ಮಾಡಿಯೇನೋ? ಮತ್ತ ಆ ಮನಷ್ಯಾನ ಹೆಸರೇನು?”