ಸೊಂಟ ತಿರುಗುವ ಸೈಕಲ್ಲಿನಲ್ಲಿ ದುರ್ಗಕ್ಕೆ

ದಾವಣಗೆರೆಯಿಂದ ಚಿತ್ರದುರ್ಗ ಹತ್ತಿರಹತ್ತಿರ 60 ಕಿಲೋಮೀಟರ್. ಮಾಮೂಲಿ ಸೈಕಲ್ಲಾದರೆ ಬೆಳಿಗ್ಗೆ ಬೆಣ್ಣೆ ದೋಸೆ ತಿಂದು ಹೊರಟವರು ಊಟದ ಹೊತ್ತಿಗೆ ದುರ್ಗದಲ್ಲಿರಬಹುದು. ನನ್ನದು ಒರಗಿ ಕೂತು, ಕಾಲು ಮುಂದೆ ಚಾಚಿ ತುಳಿಯುವ ರಿಕಂಬೆಂಟ್. ಪೈಥಾನ್ ಅನ್ನುವ ಜರ್ಮನ್ ಮಾದರಿ ನೋಡಿಕೊಂಡು, ಬಾವನ ವೆಲ್ಡಿಂಗ್ ಶಾಪಿನಲ್ಲಿ ಎರಡು ಹಳೇ ಫ್ರೇಮ್ ಕತ್ತರಿಸಿ ಮಾಡಿದ್ದು.

ಇದು ಕತ್ತು ತಿರುಗಿಸುವುದಿಲ್ಲ, ಸೊಂಟ ತಿರುಗಿಸುತ್ತದೆ. ಸೀಟಿನ ಕೆಳಗೆ ಒಂದು ಓರೆ ಕೀಲು. ಮುಂದಿನ ಗಾಲಿ, ಪೆಡಲ್, ಚೈನ್ ಎಲ್ಲಾ ಒಟ್ಟಿಗೇ ತಿರುಗುತ್ತವೆ.

ಸಾಧಾರಣ ಸೈಕಲ್ಲಿನಲ್ಲಿ ಹ್ಯಾಂಡಲ್ ಕೊಳವೆಯ ಗೆರೆಯನ್ನು ನೆಲದವರೆಗೂ ಎಳೆದರೆ, ಟೈರು ನೆಲ ಮುಟ್ಟುವ ಜಾಗಕ್ಕಿಂತ ಐದಾರು ಸೆಂಟಿಮೀಟರ್ ಮುಂದೆ ಬೀಳುತ್ತದೆ. ಈ ಅಂತರವೇ ಟ್ರೇಲ್. ಗಾಲಿ ತಾನಾಗಿ ನೆಟ್ಟಗಾಗಲು ಇದೂ ಒಂದು ಕಾರಣ. ನನ್ನದರಲ್ಲಿ ಉಲ್ಟಾ, ಗೆರೆ ಟೈರಿನ ಹಿಂದೆ ಬೀಳುತ್ತದೆ. ಮತ್ತೆ ನೆಟ್ಟಗಾಗೋದು ಹೇಗೆ? ತಿರುಗಿಸಿದಾಗ ಸೀಟು ಒಂಚೂರು ಮೇಲೇಳುತ್ತದೆ. ನನ್ನ ಮೈಭಾರ ಅದನ್ನು ಒತ್ತಿ ನಡುವಿಗೆ ತರುತ್ತದೆ. ಇದು ತಲೆಗೆ ಬೇಗ ಹತ್ತಿತು. ಮೈಗೆ ಹತ್ತುವಷ್ಟರಲ್ಲಿ ಹೈಸ್ಕೂಲ್ ಮೈದಾನದಲ್ಲಿ ಎಷ್ಟು ಸಲ ಬಿದ್ದೆನೋ!

ಸರ್ವಿಸ್ ರಸ್ತೆ ಹಿಡಿದು ಆನಗೋಡು ದಾಟುವವರೆಗೆ ಆರಾಮ. ಸಪಾಟು ರಸ್ತೆಯಲ್ಲಿ ಕೈಬಿಟ್ಟು, ಕಾಲಲ್ಲೇ ತಿರುಗಿಸುತ್ತಾ ಹೋದೆ. ಏರು ಬಂದಾಗ ಬಣ್ಣ ಬಯಲಾಯಿತು. ಜೋರಾಗಿ ತುಳಿದರೆ ಒಂದೊಂದು ತುಳಿತಕ್ಕೂ ಗಾಲಿ ಒಂದೊಂದು ಕಡೆ ಎಳೆಯುತ್ತದೆ. ಹಾವಿನ ಹೆಸರು ಸುಮ್ನೆ ಇಟ್ಟಿಲ್ಲ! ಗೇರ್ ಇಳಿಸಿ, ನುಣ್ಣಗೆ ತುಳಿಯಬೇಕು. ಹಿಂದಿನ ಲಾರಿಯವನಿಗೆ ಅಷ್ಟು ತಾಳ್ಮೆ ಇರಲಿಲ್ಲ.

ಭರಮಸಾಗರದಲ್ಲಿ ಚಹಾಕ್ಕೆ ನಿಂತೆ. ಒಬ್ಬ ಅಜ್ಜ ಸುತ್ತಲೂ ಬಂದು ನೋಡಿ, "ಏನ್ ತಮ್ಮಾ, ಸೈಕಲ್ ಸೊಂಟ ಮುರಿದೈತಲ್ಲ?" ಅಂದರು. ನಾನು ಜಂಬದಿಂದ ಕಥೆ ಬಿಟ್ಟೆ: 1933ರಲ್ಲಿ ಫ್ರಾನ್ಸಿಸ್ ಫೋರ್ ಒರಗು ಸೈಕಲ್ಲಿನಲ್ಲಿ ಒಂದು ಗಂಟೆಗೆ 45 ಕಿಲೋಮೀಟರ್ ದಾಟಿದ. ಮರುವರ್ಷ ಸೈಕಲ್ ಪಂದ್ಯಗಳ ಒಕ್ಕೂಟ ಇಂಥವನ್ನೇ ಹೊರಗಿಟ್ಟಿತು. ಅಜ್ಜ ಕೇಳಿದರು, "ನೀನು ದಾವಣಗೆರೆ ಬಿಟ್ಟಿದ್ದು ಎಷ್ಟೊತ್ತಿಗೆ?" ನಾನು ಚಹಾ ಕುಡಿದೆ.

ಗುಡ್ಡದ ಮೇಲಿನ ಗಾಳಿಯಂತ್ರಗಳು ಕಂಡಾಗ ದುರ್ಗ ಬಂತು ಅಂತ ಜೀವ ಬಂತು. ಕೋಟೆಯ ಏರಿಗೆ ಇಳಿದು ತಳ್ಳಿದೆ. ಸ್ಟ್ಯಾಂಡ್ ಹಾಕಿಸಿರಲಿಲ್ಲ. ಗೋಡೆಗೆ ಒರಗಿಸಿ ಎರಡು ಹೆಜ್ಜೆ ಇಟ್ಟೆ. ಹಿಂದೆ ಸದ್ದಾಯಿತು. ಮೇಲೆ ಭಾರವಿಲ್ಲದ ಸೈಕಲ್ಲು ಸೊಂಟದಲ್ಲಿ ಮಡಚಿಕೊಂಡು ಮೆಲ್ಲಗೆ ನೆಲಕ್ಕೆ ಕೂತಿತ್ತು.