ನನ್ನನ್ನು ಗೂಬೆ ಅಂದರು, ಅಮ್ಮನಿಗೆ ಸಿಟ್ಟು ಬಂತು

ಹೋದ ತಿಂಗಳು ಆಫೀಸಿನಲ್ಲಿ ಒಂದು ದಿನದ ಟ್ರೈನಿಂಗ್ ಇತ್ತು. ಎಲ್ಲರ ಕೈಗೂ ಒಂದೊಂದು ಪ್ರಶ್ನೆಪತ್ರಿಕೆ ಕೊಟ್ಟರು. ನೀವು ತಟ್ಟಂತ ನಿರ್ಧಾರ ಮಾಡುತ್ತೀರಾ, ನಿಧಾನಕ್ಕೆ ಯೋಚಿಸುತ್ತೀರಾ, ಹೊಸಬರ ಜೊತೆ ಸಲೀಸಾಗಿ ಬೆರೆಯುತ್ತೀರಾ, ಜಗಳ ಬಂದರೆ ಏನು ಮಾಡುತ್ತೀರಾ, ಇಂಥ ಪ್ರಶ್ನೆಗಳು. ಟಿಕ್ ಹಾಕಿ, ಅಂಕ ಕೂಡಿಸಿ ನೋಡಿದರೆ ಕೊನೆಗೆ ನಾವೆಲ್ಲ ನಾಲ್ಕು ಹಕ್ಕಿಗಳಾಗಿ ಹಂಚಿಹೋಗಿದ್ದೆವು. ಮುನ್ನುಗ್ಗುವವರು ಹದ್ದು. ಮಾತು, ನಗು, ಗಲಗಲ ಅನ್ನುವವರು ಗಿಳಿ. ಎಲ್ಲರನ್ನೂ ಸಮಾಧಾನ ಮಾಡುವವರು ಪಾರಿವಾಳ. ಸುಮ್ನೆ ಕೂತು ನೋಡುವವರು, ಲೆಕ್ಕ ಹಾಕುವವರು, ಒಂದೇ ವಿಷಯವನ್ನು ಮೂರು ಸಲ ಪರೀಕ್ಷೆ ಮಾಡುವವರು ಗೂಬೆ. ನಾನು ಗೂಬೆ.

ರಾತ್ರಿ ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಇದನ್ನು ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅದ್ಯಾರೇ ನಿನ್ನ ಗೂಬೆ ಅಂದಿದ್ದು? ನೀನು ಸುಮ್ನೆ ಕೇಳಿಸ್ಕೊಂಡು ಬಂದ್ಯಾ?" ಅಂತ ಜೋರು ಮಾಡಿದಳು.

ಅಮ್ಮನ ಸಿಟ್ಟಿಗೆ ಕಾರಣ ಇದೆ. ಆ ಪ್ರಶ್ನೆಪತ್ರಿಕೆ ಬರೆದವರ ಊರಿನಲ್ಲಿ ಗೂಬೆ ಅಂದರೆ ಜಾಣ ಹಕ್ಕಿ. ನಮ್ಮಲ್ಲಿ ಅಪಶಕುನ. ಇನ್ನೊಬ್ಬರ ತಪ್ಪನ್ನು ನಮ್ಮ ತಲೆಗೆ ಕಟ್ಟಿದರೆ "ನನ್ನ ಮೇಲೆ ಗೂಬೆ ಕೂರಿಸಬೇಡ" ಅನ್ನುತ್ತೇವೆ. ಮನೆಯೊಳಗೆ ಗೂಬೆ ಹೊಕ್ಕರೆ ಬೀಗ ಹಾಕಿಕೊಂಡು ಬೇರೆ ಕಡೆ ಇದ್ದು, ಶಾಂತಿ ಮಾಡಿಸಿ ವಾಪಸ್ ಬರುವವರು ಇವತ್ತಿಗೂ ಇದ್ದಾರೆ. ಹಾಗಿರುವಾಗ ಮಗಳನ್ನು ಗೂಬೆ ಅಂದರೆ ಯಾವ ತಾಯಿ ಸುಮ್ಮನಿರುತ್ತಾಳೆ?

ಅವತ್ತಿನಿಂದ ಇದೇ ಯೋಚನೆ. ಆ ನಾಲ್ಕು ಬಗೆಗಳ ಬೇರು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಾರ್ಸ್ಟನ್ 1928ರಲ್ಲಿ ಬರೆದದ್ದರಲ್ಲಿದೆ, ಹಕ್ಕಿಗಳನ್ನು ಆಮೇಲೆ ಬಂದವರು ಜೋಡಿಸಿದರು. ಆದರೆ ಮನುಷ್ಯರ ಸ್ವಭಾವಕ್ಕೆ ಪ್ರಾಣಿಯ ಹೆಸರಿಡುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ನರಿ ಬುದ್ಧಿ, ಕೋತಿ ಚೇಷ್ಟೆ, ಕತ್ತೆ ದುಡಿತ, ಕೋಲೆ ಬಸವ, ಗೋಮುಖ ವ್ಯಾಘ್ರ, ನಾಯಿ ಬಾಲ. ಒಂದು ಊರಿನ ಜನರನ್ನೆಲ್ಲ ಹೀಗೆ ಹೆಸರಿಟ್ಟು ಮುಗಿಸಬಹುದು, ಅಷ್ಟಿವೆ. ಹೆಚ್ಚಿನವು ಬೈಗುಳ. ನನ್ನ ತಕರಾರು ಇಷ್ಟೇ: ಹೀಗೆ ಬೈಯುವಾಗ ನಾವು ಆ ಪ್ರಾಣಿಯನ್ನೂ ಸರಿಯಾಗಿ ನೋಡಿರುವುದಿಲ್ಲ, ಆ ಮನುಷ್ಯನನ್ನೂ ನೋಡಿರುವುದಿಲ್ಲ.

ಗೂಬೆಯಿಂದಲೇ ಶುರು ಮಾಡುತ್ತೇನೆ. ಹಳೇ ಕಟ್ಟಡಗಳಲ್ಲಿ ಇರುತ್ತದಲ್ಲ, ಬೆಳ್ಳಗೆ ಹೃದಯದ ಆಕಾರದ ಮುಖ ಇರುವ ಕಣಜದ ಗೂಬೆ, ಅದರ ಎರಡು ಕಿವಿಗಳು ಒಂದೇ ಮಟ್ಟದಲ್ಲಿ ಇರುವುದಿಲ್ಲ. ಒಂದು ಮೇಲೆ, ಒಂದು ಕೆಳಗೆ. ಅದರಿಂದ ಸದ್ದು ಎರಡು ಕಿವಿಗೂ ಒಂದಿಷ್ಟು ಬೇರೆ ಬೇರೆಯಾಗಿ ಕೇಳುತ್ತದೆ, ಆ ಸಣ್ಣ ವ್ಯತ್ಯಾಸದಿಂದಲೇ ಕಗ್ಗತ್ತಲಲ್ಲಿ ಒಣಗಿದ ಹುಲ್ಲಿನ ಕೆಳಗೆ ಇಲಿ ಎಲ್ಲಿದೆ ಅಂತ ಪತ್ತೆ ಹಚ್ಚುತ್ತದೆ. ಹಾರುವಾಗ ರೆಕ್ಕೆಯ ಸದ್ದೇ ಬರುವುದಿಲ್ಲ. ಒಂದು ರಾತ್ರಿಗೆ ಮೂರ್ನಾಲ್ಕು ಇಲಿ ಹಿಡಿಯುತ್ತದೆ, ಮರಿಗಳಿದ್ದರೆ ಇನ್ನೂ ಜಾಸ್ತಿ. ನಮ್ಮ ತೋಟದಲ್ಲಿ ಇಲಿಗಳು ತೆಂಗಿನ ಮರ ಹತ್ತಿ ಎಳನೀರು ಕೊರೆದು ಉದುರಿಸುತ್ತವೆ, ಅಪ್ಪ ದಿನಾ ಬೆಳಿಗ್ಗೆ ಅದನ್ನು ಆರಿಸಿ ಗುಡ್ಡೆ ಹಾಕಿ ನಿಟ್ಟುಸಿರು ಬಿಡುತ್ತಾರೆ. ಆ ತೋಟಕ್ಕೆ ಬರುವ ಗೂಬೆಯನ್ನು ನಾವು ಕಲ್ಲು ಹೊಡೆದು ಓಡಿಸುತ್ತೇವೆ.

ಮಾತು ಕಡಿಮೆ ಇರುವ ಜನ ಇದೇ ಥರ. ಮೀಟಿಂಗಿನಲ್ಲಿ ಬಾಯಿ ಬಿಡುವುದಿಲ್ಲ, ಮದುವೆ ಮನೆಯಲ್ಲಿ ಮೂಲೆಯ ಕುರ್ಚಿ ಹುಡುಕುತ್ತಾರೆ. ಅವರಿಗೆ ಏನೂ ಗೊತ್ತಾಗುವುದಿಲ್ಲ ಅಂದುಕೊಂಡರೆ ತಪ್ಪು. ಅವರು ಕೇಳಿಸಿಕೊಳ್ಳುತ್ತಿರುತ್ತಾರೆ. ಯಾರ ದನಿ ಯಾವಾಗ ಬದಲಾಯಿತು ಅಂತ ಅವರಿಗೆ ಗೊತ್ತಿರುತ್ತದೆ.

ಇನ್ನು ಕತ್ತೆ. ನನ್ನ ತಮ್ಮನಿಗೆ ಚಿಕ್ಕಂದಿನಿಂದ ಇದೇ ಬಿರುದು. "ಕತ್ತೆ ಥರ ಹಠ ಮಾಡ್ತಾನೆ, ಹೆಜ್ಜೆ ಮುಂದಿಡಲ್ಲ" ಅಂತ. ಕತ್ತೆ ಯಾಕೆ ನಿಂತುಬಿಡುತ್ತದೆ ಗೊತ್ತಾ? ಕುದುರೆ ಬಯಲಿನ ಪ್ರಾಣಿ, ಹೆದರಿದರೆ ಓಡುತ್ತದೆ. ಕತ್ತೆಯ ಮೂಲ ಆಫ್ರಿಕಾದ ಒಣ, ಕಲ್ಲುಗುಡ್ಡದ ನಾಡು. ಅಲ್ಲಿ ಕಣ್ಣು ಮುಚ್ಚಿ ಓಡಿದರೆ ಕಾಲು ಮುರಿಯುತ್ತದೆ. ಹಾಗಾಗಿ ಅನುಮಾನ ಬಂದರೆ ಅದು ನಿಲ್ಲುತ್ತದೆ, ನೋಡುತ್ತದೆ, ಖಾತ್ರಿಯಾದ ಮೇಲೆ ನಡೆಯುತ್ತದೆ. ನಾವು ಹಠ ಅನ್ನುವುದು ಅದರ ಎಚ್ಚರ. ನಮ್ಮ ಊರ ಕಡೆ ಒಬ್ಬರು ಚೀಟಿ ನಡೆಸುತ್ತಿದ್ದರು. ಮನೆಯವರೆಲ್ಲ ಸೇರೋಣ ಅಂದಾಗ ಇವನೊಬ್ಬ ಬೇಡ ಅಂದ. ಯಾಕೆ ಅಂದರೆ ಸರಿಯಾಗಿ ಹೇಳಲಿಕ್ಕೂ ಬರಲಿಲ್ಲ, ಲೆಕ್ಕದ ಪುಸ್ತಕ ತೋರಿಸಿ ಅಂದರೆ ಅವರು ತೋರಿಸಲಿಲ್ಲ, ಅಷ್ಟೇ ಅಂದ. ಎರಡು ವಾರ ಮನೆಯಲ್ಲಿ ಯಾರೂ ಅವನ ಜೊತೆ ಸರಿಯಾಗಿ ಮಾತಾಡಲಿಲ್ಲ. ವರ್ಷ ತುಂಬುವುದರೊಳಗೆ ಚೀಟಿಯವರು ಊರಲ್ಲಿರಲಿಲ್ಲ. ಅಂದಹಾಗೆ, ಮಕ್ಕಳಿಗೆ ಒಳ್ಳೆಯದು ಅಂತ ಕತ್ತೆ ಹಾಲು ಕುಡಿಸುವ ಊರುಗಳು ನಮ್ಮಲ್ಲಿ ಎಷ್ಟೋ ಇವೆ, ಬೀದಿಯಲ್ಲಿ "ಕತ್ತೆ ಹಾಲು" ಅಂತ ಕೂಗು ಕೇಳಿದರೆ ಅಮ್ಮಂದಿರು ಲೋಟ ಹಿಡಿದು ಓಡಿಬರುತ್ತಾರೆ. ಹಾಲು ಬೇಕು, ಹೆಸರು ಮಾತ್ರ ಬೈಯಲಿಕ್ಕೆ. ಇದು ನ್ಯಾಯ ಅಲ್ಲ.

ಊಸರವಳ್ಳಿಯ ಕಥೆ ಇನ್ನೂ ಬೇಸರದ್ದು. ಒಳಗೊಂದು ಹೊರಗೊಂದು ಇರುವವರಿಗೆ, ಪಕ್ಷ ಬದಲಿಸುವವರಿಗೆ ಆ ಹೆಸರು. ಆದರೆ ಊಸರವಳ್ಳಿ ಬಣ್ಣ ಬದಲಿಸುವುದು ಹೆಚ್ಚಾಗಿ ಅಡಗಿಕೊಳ್ಳಲಿಕ್ಕಲ್ಲ. ಬೆಳಗಿನ ಚಳಿಗೆ ಮೈ ಕಪ್ಪಾಗುತ್ತದೆ, ಬಿಸಿಲು ಹೀರಲಿಕ್ಕೆ. ಎದುರಾಳಿ ಬಂದರೆ ಬಣ್ಣ ಗಾಢವಾಗಿ ಹೊಳೆಯುತ್ತದೆ, ಸೋತರೆ ಮಂಕಾಗುತ್ತದೆ. ಅಂದರೆ ಒಳಗಿರುವುದೆಲ್ಲ ಚರ್ಮದ ಮೇಲೆ ಬಂದುಬಿಡುತ್ತದೆ! ನನ್ನ ಪಕ್ಕದ ಸೀಟಿನ ಗೆಳತಿ ಹೀಗೇ. ಖುಷಿಯಾದರೆ ಕೆನ್ನೆ ಕೆಂಪು, ಬೇಜಾರಾದರೆ ಕಣ್ಣು ಸಣ್ಣ, ಸುಳ್ಳು ಹೇಳಬೇಕಾಗಿ ಬಂದರೆ ಕಿವಿಯೂ ಕೆಂಪು. ನನಗೆ ಗೊತ್ತಿರುವವರಲ್ಲಿ ನಿಜವಾದ ಊಸರವಳ್ಳಿ ಅಂದರೆ ಅವಳು, ಅವಳಷ್ಟು ನೇರ ಮನುಷ್ಯಳನ್ನು ನಾನು ನೋಡಿಲ್ಲ.

ಎಮ್ಮೆ ಅಂದರೆ ನನಗೆ ಚಿಕ್ಕಪ್ಪ. "ಎಮ್ಮೆ ಮೇಲೆ ಮಳೆ ಸುರಿದ ಹಾಗೆ" ಅನ್ನುವ ಮಾತನ್ನು ನಾನು ಮೊದಲು ಕೇಳಿದ್ದೇ ಅವರ ಬಗ್ಗೆ. ಮನೆ ಪಾಲಾಗುವಾಗ ಅಣ್ಣತಮ್ಮಂದಿರು ಅಂಗಳದಲ್ಲಿ ನಿಂತು ಕೂಗಾಡುತ್ತಿದ್ದರೆ ಚಿಕ್ಕಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಕೆರೆ ಏರಿಯ ಕಡೆ ಹೊರಟುಬಿಟ್ಟರು. ಅವರಿಗೆ ಏನೂ ತಟ್ಟುವುದೇ ಇಲ್ಲ ಅಂತ ಎಲ್ಲರೂ ಅಂದರು. ಎಮ್ಮೆಗೆ ದಪ್ಪ ಚರ್ಮ, ಕಪ್ಪು ಮೈ, ಬೆವರು ಹಸುವಿಗಿಂತ ಕಡಿಮೆ. ಬಿಸಿ ಜಾಸ್ತಿ ಹತ್ತುತ್ತದೆ, ಬೇಗ ಇಳಿಯುವುದಿಲ್ಲ. ಅದಕ್ಕೇ ನೀರು ಕಂಡರೆ ಇಳಿದು ಕೂರುತ್ತದೆ. ತಟ್ಟದೆ ಅಲ್ಲ, ಜಾಸ್ತಿ ತಟ್ಟುವುದರಿಂದ. ಮಾರನೇ ದಿನ ಚಿಕ್ಕಪ್ಪ ಬಂದು, ಯಾರ ಮೇಲೂ ದನಿ ಏರಿಸದೆ, ಬಾವಿ ಕಡೆಯ ಜಮೀನು ಅಣ್ಣನಿಗಿರಲಿ ಅಂದರು. ಜಗಳ ಅಲ್ಲಿಗೆ ನಿಂತಿತು. ಅವರು ಆ ರಾತ್ರಿ ಏನು ಅನುಭವಿಸಿರಬಹುದು ಅಂತ ನಾನು ಯೋಚಿಸಿದ್ದು ದೊಡ್ಡವಳಾದ ಮೇಲೆ. ಯಾರೂ ಕೇಳಲಿಲ್ಲ ಅವರನ್ನು.

"ಹಸುವಿನಂಥ ಹುಡುಗಿ" ಅಂತ ಹೆಣ್ಣು ನೋಡಲಿಕ್ಕೆ ಬಂದವರು ಹೇಳುತ್ತಾರಲ್ಲ, ಅವರನ್ನೆಲ್ಲ ಒಂದು ಸಲ ಅಜ್ಜಂಪುರದ ಅಮೃತಮಹಲ್ ಹಸುಗಳ ಹತ್ತಿರ ಕರೆದುಕೊಂಡು ಹೋಗಬೇಕು ಅನ್ನಿಸುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತಿದ್ದ ಅರಮನೆಯ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಈ ಎತ್ತುಗಳು ಸೈನ್ಯದ ಜೊತೆ ಸಾಮಾನು ಎಳೆದವು, ದೂರದ ದಾರಿಯನ್ನು ಬೇಗ ಬೇಗ ಮುಗಿಸುವುದಕ್ಕೆ ಹೆಸರಾದವು. ಕಾವಲು ಅನ್ನುವ ಹುಲ್ಲುಗಾವಲಿನಲ್ಲಿ ಬೆಳೆದ ಈ ಹಸುಗಳ ಹತ್ತಿರ ಹೊಸಬರು ಹೋಗುವ ಹಾಗಿಲ್ಲ, ಉದ್ದನೆಯ ಚೂಪು ಕೊಂಬು, ಕಣ್ಣಲ್ಲಿ ಕಿಡಿ. ಅದೂ ಹಸುವೇ ತಾನೇ? ಒಂದೇ ಕೊಟ್ಟಿಗೆಯ ಎರಡು ಹಸುಗಳೂ ಒಂದೇ ಥರ ಇರುವುದಿಲ್ಲ. ನಮ್ಮ ಮನೆಯ ಗೌರಿ ಯಾರು ಕೂತರೂ ಹಾಲು ಬಿಡುತ್ತಿದ್ದಳು. ಕೆಂಪಿ ಅಮ್ಮನಿಗೆ ಮಾತ್ರ. ಬೇರೆಯವರು ಚೊಂಬು ಹಿಡಿದು ಬಂದರೆ ಒದೆ ಗ್ಯಾರಂಟಿ.

ಇದನ್ನು ವಿಜ್ಞಾನಿಗಳೂ ನೋಡಿದ್ದಾರೆ. ನೆದರ್‌ಲ್ಯಾಂಡ್ಸಿನಲ್ಲಿ ಗುಬ್ಬಿಯಷ್ಟೇ ದೊಡ್ಡ ಒಂದು ಜಾತಿಯ ಹಕ್ಕಿಗಳನ್ನು ಒಂದೊಂದಾಗಿ ಹೊಸ ಕೋಣೆಯಲ್ಲಿ ಬಿಟ್ಟು ನೋಡಿದರು. ಕೆಲವು ಕೂಡಲೇ ಕೋಣೆಯೆಲ್ಲ ಸುತ್ತುತ್ತವೆ, ಕೆಲವು ಒಂದು ಕಡೆ ಕೂತು ಅಳೆಯುತ್ತವೆ. ಆಮೇಲೆ ಅವುಗಳನ್ನು ಕಾಡಿಗೆ ಬಿಟ್ಟು ವರ್ಷಗಟ್ಟಲೆ ಗಮನಿಸಿದರು. ಒಂದು ವರ್ಷ ಮುನ್ನುಗ್ಗುವ ಹಕ್ಕಿಗಳು ಜಾಸ್ತಿ ಉಳಿದರೆ ಇನ್ನೊಂದು ವರ್ಷ ಅಳುಕುವ ಹಕ್ಕಿಗಳು, ಆ ವರ್ಷ ಚಳಿಗಾಲದ ಮೇವು ಎಷ್ಟಿತ್ತು ಅನ್ನುವುದರ ಮೇಲೆ. ಎರಡೂ ಸ್ವಭಾವ ಇವತ್ತಿಗೂ ಉಳಿದುಕೊಂಡಿವೆ. ನನಗೆ ಇದನ್ನು ಓದಿದಾಗ ತುಂಬಾ ಸಮಾಧಾನವಾಯಿತು, ಯಾಕೆಂದರೆ ಶಾಲೆಯಲ್ಲಿ ನನ್ನ ರಿಪೋರ್ಟ್ ಕಾರ್ಡಿನಲ್ಲಿ ಪ್ರತಿ ವರ್ಷ ಬರೆಯುತ್ತಿದ್ದದ್ದು ಒಂದೇ ಸಾಲು, ಮಾತಾಡುವುದನ್ನು ಕಲಿಯಬೇಕು ಅಂತ.

ಆನೆ ನಮ್ಮ ದೊಡ್ಡಮ್ಮ. ಇದರಲ್ಲಿ ಯಾರಿಗೂ ಅನುಮಾನ ಇಲ್ಲ. ಆನೆ ಹಿಂಡನ್ನು ನಡೆಸುವುದು ವಯಸ್ಸಾದ ಹೆಣ್ಣಾನೆ. ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದು ಹಸಿರು ಹುಲ್ಲು ಬಂದಾಗ ಹಿಂಡು ಹಿಂಡಾಗಿ ಅಲ್ಲಿಗೆ ಬರುತ್ತವಲ್ಲ, ದಾರಿ ಗೊತ್ತಿರುವುದು ಅಂಥ ಹಿರಿಯಳಿಗೆ. 1993ರಲ್ಲಿ ತಾಂಜಾನಿಯಾದ ತರಂಗಿರೆ ಕಾಡಿನಲ್ಲಿ ಘೋರ ಬರ ಬಂತು. ಹಿರಿಯ ಹೆಣ್ಣಾನೆಗಳಿದ್ದ ಹಿಂಡುಗಳು ಕಾಡು ಬಿಟ್ಟು ಹೊರಗೆ ನೀರು, ಮೇವು ಹುಡುಕಿಕೊಂಡು ಹೋದವು, ಅವುಗಳ ಮರಿಗಳು ಹೆಚ್ಚು ಬದುಕಿದವು. ದಶಕಗಳ ಹಿಂದಿನ ಬರವನ್ನು ಕಂಡ ಆನೆಗಳು ಅವು. ನಮ್ಮ ಬೋರ್‌ವೆಲ್ ಬತ್ತಿದ ವರ್ಷ ಎಲ್ಲರೂ ಇನ್ನೂ ಆಳಕ್ಕೆ ಕೊರೆಸೋಣ ಅಂತಿದ್ದಾಗ ದೊಡ್ಡಮ್ಮ ಕೋಲು ಊರಿಕೊಂಡು ಹೋಗಿ ಹಳ್ಳದ ಪಕ್ಕ ಒಂದು ಜಾಗ ತೋರಿಸಿದರು. ಅಲ್ಲಿ ಲಂಟಾನ ಬೆಳೆದು ಮುಚ್ಚಿಹೋಗಿತ್ತು. ಬಿಡಿಸಿ ನೋಡಿದರೆ ಹಳೇ ಬಾವಿ, ಹೂಳು ತೆಗೆದರೆ ನೀರು. ಅವರು ಮದುವೆಯಾಗಿ ಬಂದ ವರ್ಷ ಅದರಲ್ಲಿ ಸೇದಿದ್ದರಂತೆ.

ಒಂದೇ ಮನೆಯಲ್ಲಿ ಬೇರೆ ಬೇರೆ ಪ್ರಾಣಿಗಳು ಹೇಗೆ ಬದುಕುತ್ತವೆ ಅನ್ನುವುದು ನನಗೆ ಗೊತ್ತಾಗಿದ್ದು ನಾಗರಹೊಳೆಯಲ್ಲಿ. ಅಪ್ಪ ಅಮ್ಮನನ್ನು ಸಫಾರಿಗೆ ಕರೆದುಕೊಂಡು ಹೋಗಿದ್ದೆ. ಮರದ ಮೇಲೆ ಮುಸುವಗಳು, ಕೆಳಗೆ ಜಿಂಕೆಗಳು. ಮುಸುವ ಎಲೆ, ಹಣ್ಣು ಕಿತ್ತು ಅರ್ಧ ತಿಂದು ಕೆಳಗೆ ಹಾಕುತ್ತದೆ, ಜಿಂಕೆ ಅದನ್ನು ತಿನ್ನುತ್ತದೆ. ಮೇಲಿರುವುದಕ್ಕೆ ದೂರದವರೆಗೆ ಕಾಣುತ್ತದೆ. ಕೆಳಗಿರುವುದಕ್ಕೆ ವಾಸನೆ ಬೇಗ ಹತ್ತುತ್ತದೆ. ಹುಲಿಯ ಸುಳಿವು ಯಾರಿಗೆ ಮೊದಲು ಸಿಕ್ಕರೂ ಕೂಗುತ್ತಾರೆ, ಕೇಳಿಸಿಕೊಂಡು ಇಬ್ಬರೂ ಎಚ್ಚರವಾಗುತ್ತಾರೆ. ನಮ್ಮ ಜೀಪಿನವರು ಇದನ್ನು ಹೇಳುತ್ತಿದ್ದಾಗ ಅಪ್ಪ ಮರದ ತುದಿ ನೋಡುತ್ತಿದ್ದರು, ಅಮ್ಮ ನೆಲದ ಕಡೆ ನೋಡುತ್ತಿದ್ದಳು. ಮೂವತ್ತೈದು ವರ್ಷದಿಂದ ಹಾಗೆಯೇ. ಅಪ್ಪ ಮುಂದಿನ ವರ್ಷದ ಬೆಳೆ, ಮಗನ ಮದುವೆ, ತೋಟಕ್ಕೆ ಹನಿ ನೀರಾವರಿ ಅಂತ ದೂರದ್ದು ಹೇಳುತ್ತಾರೆ. ಅಮ್ಮನಿಗೆ ಇವತ್ತು ಮನೆಯಲ್ಲಿ ಯಾರ ಮುಖ ಬಾಡಿದೆ ಅನ್ನುವುದು ಗೊತ್ತಾಗುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ಎಷ್ಟೋ ಸಲ ಬೈದುಕೊಂಡಿದ್ದಾರೆ, ನಿಮಗೆ ಕಾಲ ಬುಡ ಕಾಣಲ್ಲ, ನಿನಗೆ ಮುಂದಿನದು ಕಾಣಲ್ಲ ಅಂತ.

ಮೊನ್ನೆ ಭಾನುವಾರ ಮತ್ತೆ ಫೋನ್ ಮಾಡಿ ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಕತ್ತೆಯದು, ಎಮ್ಮೆಯದು, ದೊಡ್ಡಮ್ಮನದು. ಚಿಕ್ಕಪ್ಪನ ಮಾತು ಬಂದಾಗ ಅವಳು "ಹೌದು ಕಣೆ, ಆವತ್ತು ಅವರು ಊಟವನ್ನೂ ಮಾಡಿರಲಿಲ್ಲ" ಅಂದಳು. ಅದು ನನಗೆ ಗೊತ್ತೇ ಇರಲಿಲ್ಲ. ಅಪ್ಪ ಮುಸುವ, ನೀನು ಜಿಂಕೆ ಅಂದಾಗ ನಕ್ಕಳು, ಅಪ್ಪನನ್ನು ಕೂಗಿ ಅದನ್ನು ಹೇಳಿದಳು. ಆಮೇಲೆ ಒಂದಿಷ್ಟು ಹೊತ್ತು ಸುಮ್ಮನಿದ್ದಳು. ಹಿಂದೆ ಕುಕ್ಕರ್ ಕೂಗಿದ್ದು ಕೇಳಿಸಿತು.

"ಆ ಗೂಬೆ ರಾತ್ರಿಗೆ ಎಷ್ಟು ಇಲಿ ಹಿಡಿಯುತ್ತೆ ಅಂದೆ?"