ಬೇಸ್‌ಮೆಂಟಿನಲ್ಲಿ ಮುದ್ದೆಗೆ ಚಳಿ

ನಮ್ಮ ಮನೆಯ ಹಾವಿನ ಹೆಸರು ಮುದ್ದೆ. ಬಾಲ್ ಪೈಥಾನ್, ಅಂದರೆ ಪಶ್ಚಿಮ ಆಫ್ರಿಕಾ ಕಡೆಯ ಸಣ್ಣ ಜಾತಿಯ ಹೆಬ್ಬಾವು. ಹೆದರಿದರೆ ತಲೆಯನ್ನು ಒಳಗಿಟ್ಟುಕೊಂಡು ಉಂಡೆಯಾಗಿ ಸುತ್ತಿಕೊಳ್ಳುತ್ತದೆ, ಮೈಬಣ್ಣವೂ ಕಂದು, ಮಗಳಿಗೆ ಬೇರೆ ಹೆಸರು ಹೊಳೆಯಲೇ ಇಲ್ಲ. ಅಮ್ಮ ಊರಿಂದ ಫೋನ್ ಮಾಡಿದಾಗ ಅಲ್ಲಿ ರಾತ್ರಿ ಆಗಿರುತ್ತದೆ, ಆ ಹೊತ್ತಲ್ಲಿ ಹಾವು ಅನ್ನಬಾರದಲ್ವಾ, ಅದಕ್ಕೆ "ಹುಳ ಊಟ ಮಾಡ್ತಾ?" ಅಂತ ಕೇಳುತ್ತಾರೆ.

ಕಳೆದ ವರ್ಷದ ಚಳಿಗಾಲದಲ್ಲಿ ಹುಳ ಊಟ ಮಾಡುತ್ತಿರಲಿಲ್ಲ.

ನಾವಿರುವುದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಜನವರಿಯಲ್ಲಿ ಹೊರಗೆ ಮೈನಸ್ 20 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಹಾವು ಮೇಲಿನ ಮಹಡಿಗೆ ಬರಬಾರದು ಎನ್ನುವುದು ಹೆಂಡತಿಯ ಒಂದೇ ಷರತ್ತು. ಹಾಗಾಗಿ ಮುದ್ದೆ ಬೇಸ್‌ಮೆಂಟಿನಲ್ಲಿ. ಅಲ್ಲಿ 16 ಡಿಗ್ರಿ ಇದ್ದರೆ ಹೆಚ್ಚು. ಈ ಹಾವಿಗೋ ಪೆಟ್ಟಿಗೆಯ ಒಂದು ತುದಿ 31-32 ಡಿಗ್ರಿ ಇರಬೇಕು, ಇನ್ನೊಂದು ತುದಿ 25-26. ಎರಡೂ ಬೇಕು, ಯಾಕೆಂದರೆ ಅದು ತನ್ನ ಮೈಯನ್ನು ತಾನೇ ಬಿಸಿ ಮಾಡಿಕೊಳ್ಳುವುದಿಲ್ಲ. ಬಿಸಿ ಬೇಕಾದಾಗ ಆ ಕಡೆ, ಸಾಕಾದಾಗ ಈ ಕಡೆ, ಓಡಾಡಿಕೊಂಡೇ ಬದುಕುತ್ತದೆ.

ಅಂಗಡಿಯವರು ಗಾಜಿನ ಟ್ಯಾಂಕು, ಜಾಲರಿ ಮುಚ್ಚಳ, ತಳಕ್ಕೆ ಅಂಟಿಸುವ ಒಂದು ಹೀಟ್ ಮ್ಯಾಟ್ ಕೊಟ್ಟು "ಇಷ್ಟು ಸಾಕು" ಅಂದಿದ್ದರು. ಬೇಸಿಗೆಯಲ್ಲಿ ನಿಜಕ್ಕೂ ಸಾಕಾಗಿತ್ತು. ಚಳಿ ಬಂದ ಮೇಲೆ ಮ್ಯಾಟಿನ ಮೇಲೆ 32 ತೋರಿಸುತ್ತಿದೆ, ಮುದ್ದೆ ಮಾತ್ರ ಅದರ ಮೇಲೆಯೇ ಬಿದ್ದುಕೊಂಡಿದೆ, ಐದು ವಾರದಿಂದ ಇಲಿ ಮುಟ್ಟಿಲ್ಲ. ಗಾಳಿಯ ಬಿಸಿ ಅಳೆದು ನೋಡಿದರೆ 20! ಮ್ಯಾಟು ಬಿಸಿ ಮಾಡುವುದು ತನ್ನ ಮೇಲಿನ ಗಾಜನ್ನು, ಗಾಳಿಯನ್ನಲ್ಲ. ಹೊಟ್ಟೆ ಬೆಚ್ಚಗೆ, ಬೆನ್ನು ತಣ್ಣಗೆ. ಬಚ್ಚಲ ಒಲೆ ಉರಿಸಿ ಮನೆಯ ಹೆಬ್ಬಾಗಿಲು ತೆರೆದಿಟ್ಟ ಹಾಗೆ.

ನಾನು ಮಾಡಿದ ದಡ್ಡತನ ಎಂದರೆ ಮ್ಯಾಟಿನ ಬಿಸಿಯನ್ನೇ ಏರಿಸಿದ್ದು. ಮಾರನೆಯ ದಿನ ಮುಟ್ಟದೆಯೇ ಬಿಸಿ ಅಳೆಯುವ ಇನ್ಫ್ರಾರೆಡ್ ಗನ್ ಹಿಡಿದು ನೋಡಿದರೆ ಹಾಸಿನ ಕೆಳಗಿನ ಗಾಜು 46 ಡಿಗ್ರಿ. ಹಾವುಗಳು ಅಡಿಯಿಂದ ಸುಡುತ್ತಿದ್ದರೂ ಎಷ್ಟೋ ಸಲ ಸರಿದು ಹೋಗುವುದಿಲ್ಲ, ಹೊಟ್ಟೆ ಬೊಬ್ಬೆ ಬರುವಷ್ಟು ಸುಟ್ಟುಕೊಳ್ಳುತ್ತವೆ. ಮುದ್ದೆಗೆ ಏನೂ ಆಗಿರಲಿಲ್ಲ, ನನ್ನ ಅದೃಷ್ಟ.

ಆಮೇಲೆ ಕೋಣೆಗೇ 1500 ವಾಟ್ ಹೀಟರ್ ಇಟ್ಟೆ. ಅದು ನಿಲ್ಲದೆ ಓಡಿದರೆ ದಿನಕ್ಕೆ 36 ಯೂನಿಟ್. ಹಾವೂ ಬದುಕಬೇಕು, ಬಿಲ್ಲೂ ಏರಬಾರದು ಎಂದರೆ ಕೋಣೆಯನ್ನು ಬಿಟ್ಟು ಪೆಟ್ಟಿಗೆಯನ್ನು ಮಾತ್ರ ಬೆಚ್ಚಗಿಡಬೇಕು ಅಂತ ಆಗ ಹೊಳೆಯಿತು. ಗಾಜಿನ ಟ್ಯಾಂಕು ಹೋಯಿತು, ನಾಲ್ಕು ಅಡಿ ಉದ್ದದ ಪಿವಿಸಿ ಪೆಟ್ಟಿಗೆ ಬಂತು. ಮೂರು ಕಡೆಗೂ ತಳಕ್ಕೂ ಹೊರಗಿನಿಂದ ಒಂದು ಇಂಚಿನ ಫೋಮ್ ಬೋರ್ಡು, ಮನೆ ಕಟ್ಟುವಾಗ ಗೋಡೆಗೆ ಹಾಕುತ್ತಾರಲ್ಲ, ಅದೇ. ಗಾಳಿಯಾಡುವ ತೂತುಗಳನ್ನು ಮುಚ್ಚಿಲ್ಲ. ಒಳಗೆ ಚಾವಣಿಗೆ 80 ವಾಟಿನ ರೇಡಿಯಂಟ್ ಪ್ಯಾನೆಲ್, ಅಂದರೆ ಮೇಲಿಂದ ಕೆಳಕ್ಕೆ ಬಿಸಿ ಸೂಸುವ ಚಪ್ಪಟೆ ಹಲಗೆ. ಅದು ಇಡೀ ದಿನ ಪೂರ್ತಿ ಉರಿದರೂ ಎರಡು ಯೂನಿಟ್ ಆಗುವುದಿಲ್ಲ. ರಾತ್ರಿಗೆ ಅಂತ ಕೆಂಪು ಬಲ್ಬು ಮಾರುತ್ತಾರೆ, ಸುಮ್ನೆ ದುಡ್ಡು ದಂಡ. ಬೆಳಕಿಲ್ಲದ ಬಿಸಿ ಬೇಕಿದ್ದರೆ ಸೆರಾಮಿಕ್ ಹೀಟರ್ ಇದೆ, ಆದರೆ ಅದು ಗಾಳಿಯನ್ನು ಒಣಗಿಸುತ್ತದೆ. ಇಲ್ಲಿನ ಚಳಿಗಾಲದ ಗಾಳಿ ಮೊದಲೇ ಒಣ, ಪೊರೆ ಚೂರುಚೂರಾಗಿ ಬರುತ್ತದೆ, ಅದಕ್ಕೆ ಒಂದು ಡಬ್ಬಿಯಲ್ಲಿ ಒದ್ದೆ ಪಾಚಿ ಇಟ್ಟಿದ್ದೇನೆ.

ಯಾವ ಹೀಟರ್ ಆದರೂ ಥರ್ಮೋಸ್ಟಾಟ್ (ಬೇಕಾದಷ್ಟು ಬಿಸಿಯಾದ ಕೂಡಲೇ ಹೀಟರ್ ತಗ್ಗಿಸುವ ಸಾಧನ) ಇಲ್ಲದೆ ಹಾಕಬೇಡಿ. ಥರ್ಮೋಸ್ಟಾಟ್ ಇದ್ದರೂ ಅದರ ಪ್ರೋಬ್, ಅಂದರೆ ಬಿಸಿ ಅಳೆಯುವ ವೈರಿನ ತುದಿ, ಎಲ್ಲಿದೆ ನೋಡಿಕೊಳ್ಳಿ. ಒಂದು ರಾತ್ರಿ ಮುದ್ದೆ ಪ್ರೋಬನ್ನು ಎಳೆದು ನೀರಿನ ಬಟ್ಟಲಿಗೆ ಹಾಕಿತ್ತು. ತಣ್ಣೀರಲ್ಲಿ ಕೂತ ಪ್ರೋಬು "ಚಳಿ, ಚಳಿ" ಅನ್ನುತ್ತಿದೆ, ಮೇಲೆ ಪ್ಯಾನೆಲ್ ಪೂರ್ತಿ ಉರಿಯುತ್ತಿದೆ. ಈಗ ಪ್ರೋಬಿಗೆ ಕ್ಲಿಪ್ ಹಾಕಿ ಸ್ಕ್ರೂ ಹೊಡೆದಿದ್ದೇನೆ. ಟೇಪ್ ಅಂಟಿಸಬೇಡಿ, ಹಾವಿನ ಮೈಗೆ ಅಂಟಿಕೊಂಡು ಚರ್ಮವನ್ನೇ ಕಿತ್ತುಕೊಂಡು ಬರುತ್ತದೆ. ಜೊತೆಗೆ ಎರಡು ಡಿಗ್ರಿ ಮೇಲಕ್ಕೆ ಸೆಟ್ ಮಾಡಿದ ಇನ್ನೊಂದು ಥರ್ಮೋಸ್ಟಾಟ್ ಕೂಡ ಅದೇ ಲೈನಿನಲ್ಲಿದೆ, ಮೊದಲನೆಯದು ಕೈಕೊಟ್ಟರೆ ಅದು ಆರಿಸುತ್ತದೆ.

ಕರೆಂಟ್ ಹೋದರೆ? ದಿಂಬಿನ ಕವರಿನಲ್ಲಿ ಹಾವು, ಥರ್ಮೋಕೋಲ್ ಡಬ್ಬಿಯಲ್ಲಿ ಕವರು, ಪಕ್ಕದಲ್ಲಿ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ. ಆಗ ಊಟ ಮಾತ್ರ ಹಾಕಬಾರದು. ಮೈ ತಣ್ಣಗಿದ್ದರೆ ಜೀರ್ಣ ಆಗುವುದಿಲ್ಲ, ನುಂಗಿದ ಇಲಿಯನ್ನು ವಾಂತಿ ಮಾಡಿಬಿಡುತ್ತದೆ.

(ಊರಲ್ಲಿ ಒಂದು ಸಾಕೋಣ ಅಂತ ಯಾರಾದರೂ ಅಂದುಕೊಂಡಿದ್ದರೆ, ನಮ್ಮ ಕಾಡಿನ ಹಾವು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬೇಡ.)

ಹೊಸ ಪೆಟ್ಟಿಗೆಗೆ ಬಂದ ಒಂಬತ್ತನೇ ದಿನ ಮುದ್ದೆ ಇಲಿ ತಿಂದಿತು. ಮಗಳು ಆ ಕೂಡಲೇ ಅಜ್ಜಿಗೆ ಫೋನ್ ಮಾಡಿದಳು. ಮೊನ್ನೆ ಹೊರಗೆ ಮೈನಸ್ 25 ಇದ್ದ ರಾತ್ರಿ, ಸ್ವೆಟರ್ ಮೇಲೆ ಜಾಕೆಟ್ ಹಾಕಿಕೊಂಡು, ಕಾಲಿಗೆ ಎರಡು ಜೊತೆ ಸಾಕ್ಸ್ ಏರಿಸಿ ಕೆಳಗೆ ಹೋಗಿ ನೋಡಿದೆ. ಮಹಾರಾಯ ತಂಪು ಮೂಲೆ ಹುಡುಕಿಕೊಂಡು ಮಲಗಿದ್ದ.